ಬಾಡಿಗೆ ಮನೆಯ ಹದಿಮೂರು ಬೇಸಗೆಗಳು

ರಜೆ ಬಂತೆಂದರೆ ನಮ್ಮ ಮಕ್ಕಳು ಅಜ್ಜಿಯ ಮನೆಗೆ ಹೊರಡುತ್ತಾರೆ. ನಮಗೆ ಗಿರಿಧಾಮವೂ ಅದೇ, ಕಡಲತಡಿಯೂ ಅದೇ. ರಜೆಯನ್ನು ಕಳೆಯುವುದಕ್ಕೆಂದೇ, ನೆಂಟರಿಷ್ಟರಾರೂ ಇಲ್ಲದ ದೂರದ ಊರೊಂದರಲ್ಲಿ, ವರ್ಷಕ್ಕೆರಡು ತಿಂಗಳು ಮಾತ್ರ ಬಾಗಿಲು ತೆರೆಯುವ ಮನೆಯೊಂದನ್ನು ಇಟ್ಟುಕೊಳ್ಳುವ ಪದ್ಧತಿ ನಮ್ಮಲ್ಲಿ ಅರಸುಮನೆತನಗಳನ್ನೂ ಕೆಲವರು ಶ್ರೀಮಂತರನ್ನೂ ಬಿಟ್ಟರೆ ಬೇರೆಯವರಿಗೆ ಇರಲಿಲ್ಲ. ಇಂಗ್ಲೆಂಡಿನಲ್ಲಿ ಹತ್ತೊಂಬತ್ತನೆಯ ಶತಮಾನ ಮುಗಿಯುವ ಹೊತ್ತಿಗೆ ಈ ಸೌಕರ್ಯ ಬರಹಗಾರರು, ವಕೀಲರು, ಪ್ರಾಧ್ಯಾಪಕರು ಮುಂತಾದವರಿಗೂ ಎಟುಕಿತ್ತು. ಎಟುಕಿಸಿದ್ದು ರೈಲುಬಂಡಿ. ಅಂಥ ಒಂದು ಮನೆಯ ಮತ್ತು ಅದರಲ್ಲಿ ಬೇಸಗೆ ಕಳೆದ ಒಂದು ಸಂಸಾರದ ಕಥೆಯನ್ನು ಇಂದು ನಿಮ್ಮ ಮುಂದಿಡಬೇಕೆಂದಿದ್ದೇನೆ. ಮನೆಯ ಹೆಸರು ಟಾಲಂಡ್ ಹೌಸ್. ಊರು ಸೇಂಟ್ ಐವ್ಸ್. ಸಂಸಾರ ಸ್ಟೀಫನ್ನರದು. ಆ ಮನೆಯ ಮಗಳೊಬ್ಬಳನ್ನು ನೀವು ವರ್ಜೀನಿಯಾ ವುಲ್ಫ್ ಎಂಬ ಹೆಸರಿನಿಂದ ಬಲ್ಲಿರಿ.

ಇಂಗ್ಲೆಂಡಿನ ನಕ್ಷೆಯನ್ನು ಬಿಡಿಸಿ ನೋಡಿ. ನೈಋತ್ಯದಲ್ಲಿ ಆ ದೇಶ ಅಟ್ಲಾಂಟಿಕ್ ಸಾಗರದ ಕಡೆಗೆ ಒಂದು ಕಾಲನ್ನು ನೀಡಿದಂತೆ ಕಾಣುತ್ತದೆ. ಅದು ಕಾರ್ನ್‌ವಾಲ್ ಪ್ರಾಂತ. ಅಲ್ಲಿಗೆ ಹೋಗುವುದು ಬಹುಕಾಲ ಸುಲಭವಾಗಿರಲಿಲ್ಲ. 1859ರಲ್ಲಿ ಬ್ರೂನೆಲ್ ಎಂಬ ಮಹಾ ಎಂಜಿನಿಯರು ಟೇಮರ್ ನದಿಗೆ ರೈಲುಸೇತುವೆ ಕಟ್ಟಿ ಮುಗಿಸಿದ. 1877ರಲ್ಲಿ ಸೇಂಟ್ ಅರ್ತ್ ಎಂಬ ನಿಲ್ದಾಣದಿಂದ ಸೇಂಟ್ ಐವ್ಸಿಗೆ ನಾಲ್ಕು ಮೈಲಿಯ ಸಣ್ಣದೊಂದು ಕವಲುದಾರಿ ಬಂತು. ಅದುವರೆಗೆ ಮೀನು ಹಿಡಿದು ಉಪ್ಪು ಹಾಕಿ, ಸುತ್ತಲ ಗಣಿಗಳಲ್ಲಿ ತವರ ಅಗೆದು ಬದುಕುತ್ತಿದ್ದ ಊರು ಲಂಡನ್ನಿನಿಂದ ಒಂದು ಹಗಲಿನ ಪ್ರಯಾಣದಷ್ಟು ಹತ್ತಿರವಾಯಿತು.

1881ರ ವಸಂತದಲ್ಲಿ ಲೆಸ್ಲಿ ಸ್ಟೀಫನ್ ಎಂಬಾತ ಕಾರ್ನ್‌ವಾಲಿನಲ್ಲಿ ಕಾಲ್ನಡಿಗೆಯ ಪ್ರವಾಸ ಮಾಡುತ್ತಿದ್ದ. ಈತ ನಡೆಯುವುದರಲ್ಲಿ ಪ್ರಸಿದ್ಧ. ಆಲ್ಪ್ಸ್ ಪರ್ವತದ ಶಿಖರಗಳನ್ನು ಹತ್ತಿ ಅದರ ಮೇಲೆ ಪುಸ್ತಕ ಬರೆದವನು. ಊರಿನ ಅಂಚಿನಲ್ಲಿ, ಕೊಲ್ಲಿಗೆ ಮುಖಮಾಡಿ ನಿಂತ ಬಿಳಿಯ ದೊಡ್ಡ ಮನೆಯೊಂದು ಅವನ ಕಣ್ಣಿಗೆ ಬಿತ್ತು. ಮನೆ ಗ್ರೇಟ್ ವೆಸ್ಟರ್ನ್ ರೈಲ್ವೆ ಕಂಪನಿಯ ವಶದಲ್ಲಿತ್ತು. ಆ ಸೆಪ್ಟೆಂಬರಿನಲ್ಲಿ ಆತ ಅದನ್ನು ಗುತ್ತಿಗೆಗೆ ಹಿಡಿದ. ಇದನ್ನು ನೀವು ನೆನಪಿನಲ್ಲಿಡಬೇಕು: ಆ ಮನೆ ಎಂದೂ ಸ್ಟೀಫನ್ನರ ಸ್ವಂತದ್ದಾಗಲಿಲ್ಲ. ಗೋಡೆ ಕಂಪನಿಯದು, ಹೆಂಚು ಕಂಪನಿಯದು. ಬೇಸಗೆ ಮಾತ್ರ ಅವರದು. 1882ರಿಂದ 1894ರವರೆಗೆ ಹದಿಮೂರು ಬೇಸಗೆ.

ಈ ಸಂಸಾರ ಯಾವುದು, ಎಲ್ಲಿಂದ ಬಂದದ್ದು ಎಂದು ಕೇಳಿದರೆ ಉತ್ತರ ಸುತ್ತಿ ಸುತ್ತಿ ನಮ್ಮ ದೇಶಕ್ಕೇ ಬರುತ್ತದೆ. ಲೆಸ್ಲಿಯ ಅಜ್ಜ ಜೇಮ್ಸ್ ಸ್ಟೀಫನ್ ವೆಸ್ಟ್ ಇಂಡೀಸಿನಲ್ಲಿ ವಕೀಲಿ ಮಾಡುತ್ತ ಗುಲಾಮರ ಪಾಡನ್ನು ಕಣ್ಣಾರೆ ಕಂಡು, ಆ ಅನಿಷ್ಟದ ವಿರುದ್ಧ ಜೀವಮಾನವಿಡೀ ಹೋರಾಡಿದವನು. ತಂದೆಯ ಹೆಸರೂ ಜೇಮ್ಸ್. 1833ರ ಗುಲಾಮಗಿರಿ ನಿಷೇಧ ಶಾಸನದ ಕರಡನ್ನು ಬರೆದದ್ದು ಆತನ ಕೈ. ಅಣ್ಣ ಫಿಟ್ಸ್‌ಜೇಮ್ಸ್ ಸ್ಟೀಫನ್ 1869ರಿಂದ 1872ರವರೆಗೆ ವೈಸ್‌ರಾಯರ ಮಂಡಲಿಯಲ್ಲಿ ನ್ಯಾಯಸದಸ್ಯನಾಗಿದ್ದು 1872ರ ಭಾರತೀಯ ಸಾಕ್ಷ್ಯ ಅಧಿನಿಯಮವನ್ನು ರಚಿಸಿದ. ನಿಮ್ಮ ಮನೆಯಲ್ಲಿ ವಕೀಲರಿದ್ದರೆ ಆ ಪುಸ್ತಕ ಅವರ ಬೀರುವಿನಲ್ಲಿ ಇದ್ದೇ ಇರುತ್ತದೆ. 2024ರ ಜುಲೈ 1ರಂದು ಹೊಸ ಕಾನೂನು ಬರುವವರೆಗೆ, ನೂರೈವತ್ತು ವರ್ಷಕ್ಕೂ ಮೀರಿ, ನಮ್ಮ ನ್ಯಾಯಾಲಯಗಳಲ್ಲಿ ಸಾಕ್ಷಿ ಹೇಳಿದವರೆಲ್ಲ ಈತ ಹಾಕಿದ ಗೆರೆಯೊಳಗೇ ಹೇಳಿದರು.

ಹೆಂಡತಿಯ ಕಡೆಯ ನಂಟು ಇನ್ನೂ ಹತ್ತಿರದ್ದು. ಜೂಲಿಯಾ ಹುಟ್ಟಿದ್ದು 1846ರಲ್ಲಿ, ಕಲ್ಕತ್ತೆಯಲ್ಲಿ. ತಂದೆ ಜಾನ್ ಜಾಕ್ಸನ್ ಅಲ್ಲಿ ವೈದ್ಯ. ತಾಯಿಯ ತಂದೆ ಜೇಮ್ಸ್ ಪ್ಯಾಟಲ್ ಬಂಗಾಳದ ಕಂಪನಿ ಸರ್ಕಾರದ ಅಧಿಕಾರಿ. ತಾಯಿಯ ತಾಯಿ ಪಾಂಡಿಚೇರಿಯಲ್ಲಿ ಹುಟ್ಟಿದ ಫ್ರೆಂಚ್ ಮನೆತನದವಳು. ಛಾಯಾಚಿತ್ರ ಕಲೆಯ ಚರಿತ್ರೆಯಲ್ಲಿ ದೊಡ್ಡ ಹೆಸರಾದ ಜೂಲಿಯಾ ಮಾರ್ಗರೆಟ್ ಕ್ಯಾಮೆರಾನ್ ಈಕೆಯ ದೊಡ್ಡಮ್ಮ. ಆಕೆಯೂ ಕಲ್ಕತ್ತೆಯಲ್ಲೇ ಹುಟ್ಟಿದವಳು. ಸೋದರಿಯ ಮಗಳ ರೂಪವನ್ನು ಆಕೆ ಮತ್ತೆ ಮತ್ತೆ ಗಾಜಿನ ಫಲಕದ ಮೇಲೆ ಹಿಡಿದಿಟ್ಟಳು. ಆ ಚಿತ್ರಗಳನ್ನು ಇಂದು ನೋಡಿದರೂ, ಸೌಂದರ್ಯಕ್ಕಿಂತ ಹೆಚ್ಚಾಗಿ ಆ ಮುಖದ ಮೇಲಿನ ವಿಷಾದ ನಮ್ಮನ್ನು ಹಿಡಿದು ನಿಲ್ಲಿಸುತ್ತದೆ.

ಲೆಸ್ಲಿ, ಜೂಲಿಯಾ ಇಬ್ಬರಿಗೂ ಇದು ಎರಡನೆಯ ಮದುವೆ. ಜೂಲಿಯಾಳ ಮೊದಲ ಗಂಡ ವಕೀಲ ಹರ್ಬರ್ಟ್ ಡಕ್‌ವರ್ತ್ 1870ರಲ್ಲಿ ತೀರಿಕೊಂಡಾಗ ಆಕೆಗೆ ಇಪ್ಪತ್ತನಾಲ್ಕು ವರ್ಷ. ಮಡಿಲಲ್ಲಿ ಎರಡು ಮಕ್ಕಳು, ಹೊಟ್ಟೆಯಲ್ಲಿ ಮೂರನೆಯದು. ಲೆಸ್ಲಿಯ ಮೊದಲ ಹೆಂಡತಿ ಕಾದಂಬರಿಕಾರ ಥ್ಯಾಕರೆಯ ಮಗಳು. (ಥ್ಯಾಕರೆಯ ಜನ್ಮಸ್ಥಳವೂ ಕಲ್ಕತ್ತೆಯೇ. ಇವರ ಮನೆಯಲ್ಲಿ ಯಾವ ಬಾಗಿಲನ್ನು ತೆರೆದರೂ ಹೂಗ್ಲಿ ನದಿ ಕಾಣುತ್ತದೆ.) ಆಕೆ 1875ರಲ್ಲಿ ತೀರಿಕೊಂಡಳು, ತೀರಿಕೊಂಡದ್ದು ಗಂಡನ ಹುಟ್ಟುಹಬ್ಬದ ದಿನ. ಲಾರಾ ಎಂಬ, ಬುದ್ಧಿ ಬೆಳೆಯದ ಮಗಳೊಬ್ಬಳು ಉಳಿದಳು. 1878ರಲ್ಲಿ ಈ ವಿಧುರ, ಆ ವಿಧವೆ ಮದುವೆಯಾದರು. ಆಮೇಲೆ ವನೆಸ್ಸಾ, ಥೋಬಿ, ವರ್ಜೀನಿಯಾ, ಏಡ್ರಿಯನ್ ಎಂಬ ನಾಲ್ವರು. ಒಟ್ಟು ಎಂಟು ಮಕ್ಕಳು, ಮೂರು ಮದುವೆಗಳ ಸಂತಾನ. ಇವರೆಲ್ಲರನ್ನೂ ಲಂಡನ್ನಿನ ಹೈಡ್ ಪಾರ್ಕ್ ಗೇಟ್ ಬೀದಿಯ ಕತ್ತಲೆಕೋಣೆಗಳ ಎತ್ತರದ ಮನೆಯಲ್ಲಿ ಒಟ್ಟಿಗೆ ಹಿಡಿದಿಡುವುದು ಸುಲಭವಲ್ಲ. ಅಲ್ಲಿ ತಂದೆ ಮೇಲಂತಸ್ತಿನಲ್ಲಿ ಕುಳಿತು ರಾಷ್ಟ್ರೀಯ ಜೀವನಚರಿತ್ರೆಯ ಮಹಾಕೋಶದ ಸಂಪಾದನೆಯಲ್ಲಿ ನವೆಯುತ್ತಿದ್ದ. 1882ರಲ್ಲಿ ಹೊತ್ತ ಆ ಭಾರ ಅವನ ಆರೋಗ್ಯವನ್ನೇ ತಿಂದಿತು.

ಜುಲೈ ತಿಂಗಳು ನಡುವಾಯಿತೆಂದರೆ ಈ ಮನೆ ಇಡಿಯಾಗಿ ಕದಲುತ್ತಿತ್ತು. ನಮ್ಮಲ್ಲಿ ಆಷಾಢದ ಮಳೆ ಹೊಯ್ಯುವ ಹೊತ್ತಿಗೆ ಅವರಲ್ಲಿ ಬೇಸಗೆ ಎಂಬುದನ್ನು ನಿಮಗೆ ಹೇಳಬೇಕಾಗಿಲ್ಲ. ಮಕ್ಕಳು, ಅಡಿಗೆಯವರು, ದಾದಿಯರು, ಪೆಟ್ಟಿಗೆಗಳು, ಪುಸ್ತಕಗಳು ಎಲ್ಲವೂ ಪ್ಯಾಡಿಂಗ್ಟನ್ ನಿಲ್ದಾಣದಲ್ಲಿ ರೈಲು ಹತ್ತಿ ಸುಮಾರು ಮುನ್ನೂರು ಮೈಲಿ ಪಶ್ಚಿಮಕ್ಕೆ ಸಾಗುತ್ತಿದ್ದವು. ಹೋಗಿ ಸೇರಿದ ಮನೆ ಅರಮನೆಯೇನಲ್ಲ. ಆದರೆ ಇಳಿಜಾರಿನ ತೋಟವಿತ್ತು. ಎಸ್ಕಲೋನಿಯಾ ಎಂಬ ಪೊದೆಯ ಬೇಲಿಗಳು ಅದನ್ನು ಹತ್ತಾರು ಮರೆಗಳಾಗಿ ಒಡೆದಿದ್ದವು. ಒಂದೊಂದು ಮೂಲೆಗೂ ಮಕ್ಕಳಿಟ್ಟ ಹೆಸರು. ಸಂಜೆ ಹುಲ್ಲಿನ ಮೇಲೆ ಕ್ರಿಕೆಟ್. ಮುಂದೆ ಇಂಗ್ಲಿಷ್ ಗದ್ಯದ ದಾರಿಯನ್ನೇ ತಿರುಗಿಸಿದ ಹೆಣ್ಣುಮಗಳು ಅಲ್ಲಿ ಹೆಸರಾಂತ ಬೌಲರು ಎಂದರೆ ನಂಬುತ್ತೀರಾ? ಮನೆಮಂದಿಯೆಲ್ಲ ಅವಳ ಚೆಂಡಿಗೆ ಹೆದರುತ್ತಿದ್ದರು. ಹೆನ್ರಿ ಜೇಮ್ಸ್, ಜಾರ್ಜ್ ಮೆರೆಡಿತ್ ಮುಂತಾದ ದೊಡ್ಡ ದೊಡ್ಡ ಸಾಹಿತಿಗಳು ಅತಿಥಿಗಳಾಗಿ ಬರುತ್ತಿದ್ದರು. ಮಕ್ಕಳಿಗೆ ಅವರಿಗಿಂತ ಚೆಂಡೇ ಮುಖ್ಯವಾಗಿತ್ತೆಂದು ಊಹಿಸಿಕೊಳ್ಳಬಹುದು.

ಊರಿನ ಜೀವ ಇದ್ದದ್ದು ಪಿಲ್ಚರ್ಡ್ ಮೀನಿನಲ್ಲಿ. ಅದು ನಮ್ಮ ಕರಾವಳಿಯ ಬೂತಾಯಿಗೆ ಹತ್ತಿರದ ನೆಂಟ. ಹಿಂಡುಹಿಂಡಾಗಿ ದಡದ ಹತ್ತಿರಕ್ಕೆ ಬರುವ ಜಾತಿ. ಮಂಗಳೂರು, ಮಲ್ಪೆ, ಕಾರವಾರಗಳ ಕಡೆಯ ಓದುಗರಿಗೆ ರಂಪಣಿ ಬಲೆಯ ನೆನಪಿದ್ದರೆ ಸೇಂಟ್ ಐವ್ಸಿನ ಬೇಟೆ ಅರ್ಥವಾಗುತ್ತದೆ: ಹಿಂಡನ್ನು ಬಲೆಯಿಂದ ಬಳಸಿ ಹಿಡಿಯುವ ಕ್ರಮ ಎರಡರಲ್ಲೂ ಇದೆ. ಅಲ್ಲಿ ಗುಡ್ಡದ ಮೇಲೆ ಒಬ್ಬ ಕಾವಲುಗಾರ ಕುಳಿತು ನೀರಿನ ಬಣ್ಣವನ್ನೇ ನೋಡುತ್ತಿರುತ್ತಿದ್ದ, ಹಿಂಡಿನ ನೆರಳು ಕಂಡರೆ “ಹೆವಾ! ಹೆವಾ!” ಎಂದು ಕೂಗುತ್ತಿದ್ದ, ಊರೆಲ್ಲ ದೋಣಿಗೆ ಓಡುತ್ತಿತ್ತು. ಆದರೆ ಸ್ಟೀಫನ್ ಮಕ್ಕಳು ಅಲ್ಲಿದ್ದ ಹದಿಮೂರು ಬೇಸಗೆಗಳಲ್ಲಿ ಒಮ್ಮೆಯೂ ಹಿಂಡು ಕೊಲ್ಲಿಯೊಳಕ್ಕೆ ಬರಲಿಲ್ಲವಂತೆ. ದೋಣಿಗಳು ಲಂಗರು ಹಾಕಿ ಸುಮ್ಮನೆ ಕಾದವು. ಈ ಮಾತನ್ನು ವರ್ಜೀನಿಯಾ ಮುಪ್ಪಿನ ಹೊಸ್ತಿಲಲ್ಲಿ ನೆನೆದು ಬರೆದಿದ್ದಾಳೆ.

ಮಕ್ಕಳೂ ಗಾಳ ಹಾಕುತ್ತಿದ್ದರು. ಒಂದು ದಿನ ತಂದೆ ಮಗಳಿಗೆ, ಮೀನು ಸಿಕ್ಕಿ ಒದ್ದಾಡುವುದನ್ನು ನೋಡಲು ತನಗೆ ಇಷ್ಟವಿಲ್ಲವೆಂದೂ, ಮುಂದೆ ತಾನು ಜೊತೆಗೆ ಬರುವುದಿಲ್ಲವೆಂದೂ, ಬೇಕಿದ್ದರೆ ಅವಳು ಹೋಗಬಹುದೆಂದೂ ಹೇಳಿದ. ಬೈಯಲಿಲ್ಲ, ತಡೆಯಲಿಲ್ಲ. ಅಂದಿನಿಂದ ಅವಳಿಗೆ ಗಾಳದ ಹುಚ್ಚು ತಾನಾಗಿ ಇಳಿದುಹೋಯಿತು. ಮಕ್ಕಳನ್ನು ತಿದ್ದುವ ಉಪಾಯಗಳ ಬಗೆಗೆ ನಾವು ಎಷ್ಟೋ ಭಾಷಣ ಮಾಡುತ್ತೇವೆ; ನನಗೆ ಇದರಷ್ಟು ಹಿಡಿಸಿದ್ದು ಕಡಿಮೆ.

ಈ ತಂದೆ ಯಾವಾಗಲೂ ಹೀಗೆ ಸೌಮ್ಯನಾಗಿದ್ದನೆಂದು ಮಾತ್ರ ತಿಳಿಯಬೇಡಿ. ಮನೆಯ ಖರ್ಚಿನ ಲೆಕ್ಕ ಕಂಡರೆ ಸಿಡಿಯುತ್ತಿದ್ದ. ತನ್ನ ಪುಸ್ತಕಗಳು ಬಾಳುವುವೋ ಇಲ್ಲವೋ ಎಂದು ಕೊರಗುತ್ತ, ಹೆಂಡತಿಯ ಸಮಾಧಾನದ ಮಾತಿಗೆ ಹಸಿದಿರುತ್ತಿದ್ದ. ಆ ತಾಯಿಗೆ ಬಿಡುವೆಂಬುದು ಇರಲಿಲ್ಲ. ಎಂಟು ಮಕ್ಕಳು, ಇಂಥ ಗಂಡ. ಇದು ಸಾಲದೆಂಬಂತೆ ಊರಿನ ಬಡವರ ರೋಗಗಳನ್ನೂ ಮೈಮೇಲೆ ಹಾಕಿಕೊಳ್ಳುತ್ತಿದ್ದಳು. ರೋಗಿಯ ಕೋಣೆಯನ್ನು ಹೇಗೆ ಇಟ್ಟುಕೊಳ್ಳಬೇಕೆಂಬ ವಿಷಯವಾಗಿ 1883ರಲ್ಲಿ ಚಿಕ್ಕ ಪುಸ್ತಕವನ್ನೇ ಬರೆದಿದ್ದಳು. ಹಾಸಿಗೆಯಲ್ಲಿ ಬಿದ್ದ ರೊಟ್ಟಿಯ ಚೂರು ರೋಗಿಗೆ ಎಷ್ಟು ಹಿಂಸೆ ಎಂಬುದನ್ನು ಅದರಲ್ಲಿ ಪುಟಗಟ್ಟಲೆ ಹೇಳಿದ್ದಾಳೆ. ಓದಿದರೆ ನಗು ಬರುತ್ತದೆ. ಕಾಯಿಲೆ ಬಿದ್ದವರಿಗೆ ಬರುವುದಿಲ್ಲ. ಆಕೆ ತೀರಿದ ಮೇಲೆ ಸೇಂಟ್ ಐವ್ಸಿನ ಶುಶ್ರೂಷಾ ಸಂಘಕ್ಕೆ ಆಕೆಯ ಹೆಸರಿಟ್ಟರು.

ಮನೆಯ ಕಿಟಕಿಯಿಂದ ಕೊಲ್ಲಿಯ ಆಚೆ ತುದಿಯಲ್ಲಿ ಗೋಡ್ರೆವಿ ದ್ವೀಪದ ದೀಪಸ್ತಂಭ ಕಾಣುತ್ತಿತ್ತು. ಅದಕ್ಕೂ ಒಂದು ಕಥೆಯಿದೆ. 1854ರ ನವೆಂಬರ್ 30ರಂದು ನೈಲ್ ಎಂಬ ಉಗಿಹಡಗು ಅಲ್ಲಿನ ಬಂಡೆಸಾಲಿಗೆ ಬಡಿದು ಒಡೆಯಿತು. ಅದರಲ್ಲಿದ್ದವರು ಯಾರೂ ಉಳಿಯಲಿಲ್ಲ. ಜನರ ಕೂಗಿಗೆ ಕಿವಿಗೊಟ್ಟು ಎಂಟು ಮೂಲೆಯ ಬಿಳಿಯ ಗೋಪುರವೊಂದನ್ನು ಕಟ್ಟಿ 1859ರಲ್ಲಿ ದೀಪ ಹಚ್ಚಿದರು. ಬ್ರೂನೆಲನ ಸೇತುವೆ ಮುಗಿದ ವರ್ಷವೂ ಅದೇ.

ಸ್ಟೀಫನ್ ಮಕ್ಕಳು 1891ರಿಂದ ಮನೆಯಲ್ಲೇ ಒಂದು ವಾರಪತ್ರಿಕೆ ನಡೆಸುತ್ತಿದ್ದರು. ಕೈಬರಹದ ಪತ್ರಿಕೆ, ಮುಖ್ಯ ಲೇಖಕಿ ವರ್ಜೀನಿಯಾ. 1892ರ ಸೆಪ್ಟೆಂಬರ್ 12ರ ಸಂಚಿಕೆಯಲ್ಲಿ ಒಂದು ಸುದ್ದಿಯಿದೆ. ಗಾಳಿಯೂ ಉಬ್ಬರವೂ ಹದವಾಗಿವೆಯೆಂದು ಅಂಬಿಗ ಹೇಳಿದನಂತೆ. ಪರಿಚಯದ ಹುಡುಗರಿಬ್ಬರು ಬಂದು ಥೋಬಿಯನ್ನೂ ವರ್ಜೀನಿಯಾಳನ್ನೂ ತಮ್ಮೊಡನೆ ದೀಪಸ್ತಂಭಕ್ಕೆ ಕರೆದರಂತೆ. ಕಿರಿಯವನಾದ ಏಡ್ರಿಯನ್‌ಗೆ ಹೋಗಲು ಅನುಮತಿ ಸಿಗದೆ ಬಹಳ ನಿರಾಶೆಯಾಯಿತೆಂದು ವರದಿ ಮುಗಿಯುತ್ತದೆ. ಬರೆದವಳಿಗೆ ಹತ್ತು ವರ್ಷ; ನಿರಾಶನಾದವನಿಗೆ ಎಂಟು. ಅಕ್ಕತಂಗಿಯರು ತಮ್ಮಂದಿರ ಅಳುವನ್ನು ಪತ್ರಿಕೆಯಲ್ಲಿ ಅಚ್ಚಿಸಿದ ಸಂದರ್ಭಗಳು ಬೇರೆಯೂ ಇರಬಹುದು. ಆದರೆ ಈ ಒಂದು ಸಾಲು ಮೂವತ್ತೈದು ವರ್ಷ ಮೊಳೆಯದೆ ಬಿದ್ದಿದ್ದು, ಆಮೇಲೆ ಮರವಾಯಿತು. ಅದಕ್ಕೆ ಮುಂದೆ ಬರುತ್ತೇನೆ.

ಈ ಬೇಸಗೆಗಳನ್ನು ಬರಿಯ ಬಿಸಿಲೆಂದು ಹೇಳಿದರೆ ಸುಳ್ಳಾಗುತ್ತದೆ. ಲಾರಾಳಿಗೆ ಆ ಮನೆಯ ಸಂತೋಷದಲ್ಲಿ ಹೆಚ್ಚಿನ ಪಾಲು ಸಿಗಲಿಲ್ಲ. ಆಕೆಯನ್ನು ಸಂಸ್ಥೆಯೊಂದಕ್ಕೆ ಸೇರಿಸಿದರು, ಮತ್ತು 1945ರಲ್ಲಿ ತೀರಿಕೊಳ್ಳುವವರೆಗೂ ಆಕೆಯ ಬಾಳು ಸಂಸ್ಥೆಗಳಲ್ಲೇ ಕಳೆಯಿತು. ತಾಯಿಯ ಮೊದಲ ಮದುವೆಯ ಮಗನಾದ ಜೆರಾಲ್ಡ್, ತಾನು ಇನ್ನೂ ತೀರ ಚಿಕ್ಕವಳಾಗಿದ್ದಾಗ, ಅದೇ ಮನೆಯಲ್ಲಿ ತನ್ನ ಮೈ ಮುಟ್ಟಿ ಅನುಚಿತವಾಗಿ ನಡೆದುಕೊಂಡದ್ದನ್ನೂ ವರ್ಜೀನಿಯಾ ಬರೆದಿಟ್ಟಿದ್ದಾಳೆ. ಅಲೆಯ ಸದ್ದು ಕೇಳುತ್ತ ಹಾಸಿಗೆಯಲ್ಲಿ ಮಲಗಿದ್ದ ಪರಮಾನಂದದ ನೆನಪೂ ಈ ನೆನಪೂ ಒಂದೇ ಬರಹದಲ್ಲಿ ಅಕ್ಕಪಕ್ಕದಲ್ಲಿವೆ. ಒಂದನ್ನು ಹೇಳಿ ಇನ್ನೊಂದನ್ನು ಮುಚ್ಚುವುದು ಆಕೆಗೆ ಅನ್ಯಾಯವಾದೀತು.

1894ರಲ್ಲಿ ಮನೆಯ ಮುಂದೆ ದೊಡ್ಡದೊಂದು ಹೋಟೆಲು ಎದ್ದಿತು. ಕಡಲು ಮರೆಯಾಯಿತು. ಯಾವ ರೈಲು ಈ ಸಂಸಾರವನ್ನು ಅಲ್ಲಿಗೆ ತಂದಿತ್ತೋ ಅದೇ ರೈಲು ಸಾವಿರಾರು ಜನರನ್ನೂ ತರುತ್ತಿತ್ತು. ಅವರಿಗೂ ಕಿಟಕಿ ಬೇಕು, ಆ ಕಿಟಕಿಗೂ ಕಡಲು ಬೇಕು. ಇದರಲ್ಲಿ ತಪ್ಪು ಯಾರದೆಂದು ಹೇಳುವುದು ಕಷ್ಟ. ಮನೆ ಬಿಡುವ ಮಾತು ಆಗಲೇ ಬಂದಿತ್ತು. ಮರುವರ್ಷ, 1895ರ ಮೇ 5ರಂದು, ಜ್ವರದಿಂದ ಜೂಲಿಯಾ ತೀರಿಕೊಂಡಳು. ನಲವತ್ತೊಂಬತ್ತು ವರ್ಷ. ವರ್ಜೀನಿಯಾಳಿಗೆ ಆಗ ಹದಿಮೂರು: ಎಷ್ಟು ವಯಸ್ಸೋ ಅಷ್ಟೇ ಬೇಸಗೆ. ಹೆಂಡತಿಯಿಲ್ಲದ ಆ ಮನೆಯ ಮೆಟ್ಟಿಲನ್ನು ಹತ್ತುವುದು ಲೆಸ್ಲಿಗೆ ಆಗದ ಮಾತು. ಗುತ್ತಿಗೆಯನ್ನು ಮಾರಿಬಿಟ್ಟ. ಅದು ಒಬ್ಬ ಚಿತ್ರಕಾರನ ಕೈಸೇರಿತು.

ಮನೆ ಹೋದ ಮೇಲೆ ಸಂಸಾರವೂ ಬಿಚ್ಚಿಕೊಳ್ಳತೊಡಗಿತು. ತಾಯಿಯ ಜಾಗದಲ್ಲಿ ನಿಂತಿದ್ದ ಹಿರಿಯಕ್ಕ ಸ್ಟೆಲ್ಲಾ 1897ರ ಏಪ್ರಿಲಿನಲ್ಲಿ ಮದುವೆಯಾಗಿ ಜುಲೈನಲ್ಲಿ ತೀರಿಕೊಂಡಳು. 1904ರಲ್ಲಿ ತಂದೆ ಹೋದ. ಮರುವರ್ಷ ಆಗಸ್ಟಿನಲ್ಲಿ ನಾಲ್ವರು ಒಡಹುಟ್ಟಿದವರು ಮತ್ತೆ ಅದೇ ರೈಲು ಹತ್ತಿ, ಸೇಂಟ್ ಐವ್ಸಿನ ಮಗ್ಗುಲಲ್ಲಿರುವ ಕಾರ್ಬಿಸ್ ಬೇಯಲ್ಲಿ ಬಿಡಾರ ಹಿಡಿದರು. ತಲುಪಿದ ರಾತ್ರಿಯೇ, ಕತ್ತಲಲ್ಲಿ, ಹಳೆಯ ಮನೆಯ ತೋಟಕ್ಕೆ ನಡೆದರು. ಗೇಟು ತೆರೆದು, ಮೆಟ್ಟಿಲು ಹತ್ತಿ, ಎಸ್ಕಲೋನಿಯಾ ಬೇಲಿಯ ಸಂದಿನಿಂದ ನೋಡಿದರು. ಕಿಟಕಿಗಳಲ್ಲಿ ದೀಪ ಉರಿಯುತ್ತಿತ್ತು. ಬಾಗಿಲು ತಟ್ಟಬಹುದಾಗಿತ್ತು, ತಟ್ಟಲಿಲ್ಲ. ಒಳಗೆ ಬೇರೆಯವರಿದ್ದರು. ಹೆಜ್ಜೆಸಪ್ಪಳ ಕೇಳಿದೊಡನೆ ಪ್ರೇತಗಳಂತೆ ಸರಿದುಬಂದರೆಂದು ವರ್ಜೀನಿಯಾ ದಿನಚರಿಯಲ್ಲಿ ಬರೆದಳು.

ಆ ವರ್ಷವೇ ಪಿಲ್ಚರ್ಡ್ ಹಿಂಡು ಬಂತು! ಬೆಳಗ್ಗೆ ಎದ್ದು ದೋಣಿಯಲ್ಲಿ ಹೋಗಿ ನೋಡಿದರೆ, ಬಲೆಯೊಳಗಿನ ನೀರು ಬೆಳ್ಳಿಯಾಗಿ ಕುದಿಯುತ್ತಿತ್ತು. ಹದಿಮೂರು ವರ್ಷ ಕಾದವರಿಗೆ, ಮನೆ ಹೋಗಿ ಹತ್ತು ವರ್ಷವಾದ ಮೇಲೆ. ಮರುವರ್ಷ ಥೋಬಿ ಗ್ರೀಸಿನ ಪ್ರವಾಸದಿಂದ ಬಂದು ವಿಷಮಶೀತ ಜ್ವರದಿಂದ ತೀರಿಕೊಂಡ. ಇಪ್ಪತ್ತಾರು ವರ್ಷ.

ಈಗ ಆ ಒಂದು ಸಾಲಿಗೆ ಬರುತ್ತೇನೆ. 1927ರಲ್ಲಿ ವರ್ಜೀನಿಯಾ ವುಲ್ಫ್ ‘ಟು ದಿ ಲೈಟ್‌ಹೌಸ್’ ಎಂಬ ಕಾದಂಬರಿಯನ್ನು ಪ್ರಕಟಿಸಿದಳು. ಅದರಲ್ಲಿ ಕಡಲತಡಿಯ ರಜೆಯ ಮನೆ, ಎಂಟು ಮಕ್ಕಳು, ಎಲ್ಲರನ್ನೂ ಸಂತೈಸುವ ತಾಯಿ, ಸಮಾಧಾನಕ್ಕೆ ಹಸಿದ ತತ್ತ್ವಜ್ಞಾನಿ ತಂದೆ. ಕಿರಿಯ ಮಗನಿಗೆ ನಾಳೆ ದೀಪಸ್ತಂಭಕ್ಕೆ ಹೋಗುವ ಆಸೆ. ನಾಳೆ ಗಾಳಿಮಳೆಯೆಂದು ತಂದೆಯ ಕಡ್ಡಿಮುರಿದ ಮಾತು. ಹತ್ತು ವರ್ಷ ಮನೆ ಪಾಳು ಬೀಳುತ್ತದೆ. ತಾಯಿ ಸತ್ತ ಸುದ್ದಿ ಕಂಸದೊಳಗಿನ ಒಂದೇ ವಾಕ್ಯದಲ್ಲಿ ಬಂದುಹೋಗುತ್ತದೆ. ಕೊನೆಗೆ ಹದಿನಾರರ ಆ ಹುಡುಗ ತಂದೆಯೊಡನೆ ದೋಣಿಯಲ್ಲಿ ದೀಪಸ್ತಂಭವನ್ನು ತಲುಪುತ್ತಾನೆ. ಕಥೆಯನ್ನು ಸ್ಕಾಟ್ಲೆಂಡಿನ ಸ್ಕೈ ದ್ವೀಪದಲ್ಲಿ ನಡೆಯುವಂತೆ ಇಟ್ಟಿದ್ದಾಳೆ. ಆದರೆ ಗಿಡಮರ ಬಲ್ಲವರು ಮೋಸಹೋಗಲಿಲ್ಲ. ಇಂಥ ತೋಟ ಸ್ಕೈನಲ್ಲಿ ಬೆಳೆಯದೆಂದು ಆಗಲೇ ಆಕ್ಷೇಪಿಸಿದರು. ಬೇಲಿಯನ್ನು ಬದಲಿಸಲು ಆಕೆಗೆ ಮನಸ್ಸಾಗಲಿಲ್ಲವೇನೋ!

ಪ್ರಕಟಣೆಯ ದಿನ ಮೇ 5. ತಾಯಿ ತೀರಿದ ತಾರೀಖು. ಪುಸ್ತಕವನ್ನು ಓದಿದ ಅಕ್ಕ ವನೆಸ್ಸಾ, ಸತ್ತ ತಾಯಿ ಎದ್ದು ಬಂದಂತಾಯಿತೆಂದು, ಅದು ನೋವೆನ್ನುವಷ್ಟು ನಿಜವಾಗಿದೆಯೆಂದು ತಂಗಿಗೆ ಕಾಗದ ಬರೆದಳು. ತಾಯಿ ಹೋದಾಗ ವನೆಸ್ಸಾಳಿಗೆ ಹದಿನೈದು. ಅವಳಿಗೆ ಪರೀಕ್ಷಿಸುವ ಹಕ್ಕಿತ್ತು. ತಾಯಿಯ ದನಿ ಬಹಳ ವರ್ಷ ತನ್ನ ಕಿವಿಯಲ್ಲಿ ನಿಂತಿರಲೇ ಇಲ್ಲವೆಂದೂ, ಈ ಪುಸ್ತಕ ಬರೆದು ಮುಗಿಸಿದ ಮೇಲೆ ಅದು ಕೇಳಿಸುವುದು ನಿಂತಿತೆಂದೂ ವರ್ಜೀನಿಯಾ ಮುಂದೆ ಹೇಳಿಕೊಂಡಳೆಂದು ಬರೆದರೆ ತಲೆಕೆಳಗಾದೀತು. ಆಕೆ ಹೇಳಿದ್ದು ಇದು: ನಲವತ್ತು ದಾಟುವವರೆಗೂ ಆ ದನಿ ತನ್ನನ್ನು ಬಿಡಲಿಲ್ಲ, ಬರೆದ ಮೇಲೆ ಬಿಟ್ಟಿತು.

ನಿಮ್ಮ ಮಕ್ಕಳೋ ಮೊಮ್ಮಕ್ಕಳೋ ಲಂಡನ್ನಿನಲ್ಲಿದ್ದು ನೀವು ಅತ್ತ ಹೋಗುವ ಸಂದರ್ಭ ಬಂದರೆ, ಆ ಮನೆಯನ್ನು ನೋಡುವುದು ಇಂದಿಗೂ ಸಾಧ್ಯ. ಅದನ್ನು ಬಿಡಿಬಿಡಿ ವಾಸಗಳಾಗಿ ಒಡೆದು ರಜೆಗೆ ಬರುವವರಿಗೆ ಬಾಡಿಗೆಗೆ ಕೊಡುತ್ತಾರೆ. ಮುಂದಿನ ಹೋಟೆಲೂ ಇದೆ. ದೀಪಸ್ತಂಭದ ಗೋಪುರ ಹಾಗೆಯೇ ನಿಂತಿದೆ. ದೀಪವನ್ನು ಮಾತ್ರ 2012ರಲ್ಲಿ ಗೋಪುರದಿಂದ ಇಳಿಸಿ ಪಕ್ಕದ ಬಂಡೆಯ ಮೇಲಿನ ಉಕ್ಕಿನ ಕಂಬಕ್ಕೆ ಹಾಕಿದ್ದಾರೆ. ಪ್ಯಾಡಿಂಗ್ಟನ್ನಿನಲ್ಲಿ ಬೆಳಗಿನ ರೈಲು ಹಿಡಿಯಿರಿ. ಸೇಂಟ್ ಅರ್ತ್‌ನಲ್ಲಿ ಇಳಿದು ಸಣ್ಣ ಬಂಡಿಗೆ ಹತ್ತಿರಿ. ಬಲಗಡೆಯ ಕಿಟಕಿಯ ಪಕ್ಕ ಕುಳಿತುಕೊಳ್ಳಿ. ಐದು ಹತ್ತು ನಿಮಿಷದಲ್ಲಿ ಮರಳದಿಬ್ಬಗಳು ಮುಗಿದು ಕೊಲ್ಲಿ ತೆರೆದುಕೊಳ್ಳುತ್ತದೆ. ಮಂಜಿಲ್ಲದಿದ್ದರೆ ನೀರಿನಾಚೆ ಬಿಳಿಯದೊಂದು ಕಡ್ಡಿ ನಿಂತಂತೆ ಕಾಣುತ್ತದೆ. ಅದೇ ಗೋಡ್ರೆವಿ.